ಬೆಕ್ಕಿಗೆ ಮೊದಲ ಪಂಕ್ತಿ

ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಪಂಕ್ತಿ ಬೆಕ್ಕಿನದು. ದೇವರ ತಲೆಯ ಮೇಲೆ ಹೂ ಏರುವ ಮುಂಚೆ, ಮನುಷ್ಯರ ಗಂಟಲಲ್ಲಿ ಚಹಾ ಇಳಿಯುವ ಮುಂಚೆ, ಹಿತ್ತಲಿಗೆ ಹಕ್ಕಿಗಳು ಬಂದು ಗಲಾಟೆ ಶುರು ಮಾಡುವ ಮುಂಚೆ ಬೆಕ್ಕಿನ ಹೊಟ್ಟೆ ತುಂಬಿರಬೇಕು. ಇದು ನನ್ನ ಕಾನೂನು. ಇದರ ಮೇಲೆ ಅಪೀಲು ಇಲ್ಲ. ಖೂಬಾ ಪ್ಲಾಟ್ ಬಡಾವಣೆಯ ಈ ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ನನ್ನ ಅರ್ಧ ಮಾತು ಕೇಳುತ್ತಾರೆ, ಉಳಿದರ್ಧವನ್ನು ಕೇಳಿದಂತೆ ಮಾಡುತ್ತಾರೆ. ಆದರೆ ಬೆಕ್ಕಿನ ವಿಷಯಕ್ಕೆ ಮಾತ್ರ ಯಾರೂ ನನ್ನ ಗೊಡವೆಗೆ ಬರುವುದಿಲ್ಲ.

ಹೋದ ವಾರ ಸೊಸೆ ಜಗತ್ ಸರ್ಕಲ್ಲಿನ ಅಂಗಡಿಯಿಂದ ಮಿರಿಮಿರಿ ಮಿಂಚುವ ಒಂದು ಪೊಟ್ಟಣ ತಂದಳು. ಅದರ ಮೇಲೊಂದು ಬೆಕ್ಕಿನ ಚಿತ್ರ. ನಮ್ಮ ಕಾಲದಲ್ಲಿ ಮದುಮಗಳಿಗೂ ಅಷ್ಟು ಸಿಂಗಾರ ಮಾಡುತ್ತಿರಲಿಲ್ಲ.

"ಅತ್ಯಾ, ಇದು ಬೆಕ್ಕಿಗಂತನೇ ಮಾಡಿದ ಊಟ ಅಂತರೀ. ಇನ್ನ ನೀವು ನಸುಕಿನ್ಯಾಗ ಎದ್ದು ಒದ್ದಾಡೂದು ಬ್ಯಾಡ," ಎಂದಳು.

"ಇದರಾಗ ಏನ ಹಾಕ್ಯಾರ?"

"ಅದನ್ನ ನಾ ಓದಿಲ್ರೀ." ದೇವರ ಕೋಣೆಯ ಕಡೆ ಒಮ್ಮೆ ನೋಡಿ, "ನೀವೂ ಓದಬ್ಯಾಡ್ರಿ," ಎಂದಳು.

ಜಾಣೆ. ಈರುಳ್ಳಿ ಬೆಳ್ಳುಳ್ಳಿಯನ್ನೂ ನಾಲ್ಕು ತಿಂಗಳು ಹೊರಗಿಡುವ ವೈಷ್ಣವರ ಮನೆಯಲ್ಲಿ ಬೆಕ್ಕಿನ ಊಟದ ಪೊಟ್ಟಣ ಓದಬಾರದು. ನನಗೆ ನಗು ತಡೆಯಲಾಗಲಿಲ್ಲ. ನಮ್ಮಜ್ಜಿಯ ಕಾಲಕ್ಕೆ ಇಂಥದೊಂದು ಪೊಟ್ಟಣ ಸಿಗುವಂತಿದ್ದರೆ ಆಕೆ ತನ್ನ ಜೀವನದಲ್ಲಿ ಮಾಡಿದ ಒಂದೇ ಒಂದು ಕಳ್ಳತನ ತಪ್ಪುತ್ತಿತ್ತು.

ಮೊದಲು ನನ್ನ ಹಿತ್ತಲಿನ ಬಗ್ಗೆ ನಾಲ್ಕು ಮಾತು ಹೇಳಿಬಿಡುತ್ತೇನೆ. ಹೇಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ನಮ್ಮ ಓಣಿಯಲ್ಲಿ ಎಲ್ಲರೂ ಗುಬ್ಬಿ ಇಲ್ಲ, ಬುಲ್‌ಬುಲ್ ಇಲ್ಲ ಎಂದು ಹಲುಬುತ್ತಾರೆ. ನನ್ನ ಹಿತ್ತಲಲ್ಲಿ ಅವು ಜಾಗಕ್ಕಾಗಿ ಜಗಳವಾಡುತ್ತವೆ. ಏನು ಮಾಡುತ್ತೀರಿ ಎಂದು ಕೇಳಲು ಬಂದವರು ನನ್ನ ಹಿತ್ತಲನ್ನು ನೋಡಿ, ಇಷ್ಟು ಹೊಲಸೇ ಎಂಬ ಮುಖ ಮಾಡುತ್ತಾರೆ. ಹೊಲಸಲ್ಲ, ಅದು ಹಕ್ಕಿಗಳ ಮನೆ. ಒಣಗಿದ ಎಲೆ ಗುಡಿಸುವುದಿಲ್ಲ, ಏಕೆಂದರೆ ಅದರ ಕೆಳಗೆ ಹುಳುವಿದೆ. ಒಡೆದ ಗಡಿಗೆ ಎಸೆಯುವುದಿಲ್ಲ, ಅದರಲ್ಲಿ ಕಪ್ಪೆಯಿದೆ. ಔಷಧಿ ಹೊಡೆಯುವುದಿಲ್ಲ. ನೀರಿನ ಪರಾತವನ್ನು ನೆಲದ ಮೇಲಿಡದೆ ಕಲ್ಲಿನ ಕಂಬದ ಮೇಲಿಡುತ್ತೇನೆ. ಊರ ಗಿಡ, ಊರ ಬಳ್ಳಿ, ಸ್ವಲ್ಪ ನೀರು, ಸ್ವಲ್ಪ ಸೋಮಾರಿತನ ಇಷ್ಟಿದ್ದರೆ ಹಕ್ಕಿ ತಾನಾಗಿ ಬರುತ್ತದೆ. ಕರೆಯುವುದು ದೊಡ್ಡದಲ್ಲ. ಕರೆದ ಮೇಲೆ ಮನೆಯ ಬೆಕ್ಕಿನ ಬಾಯಿಂದ ಉಳಿಸಿಕೊಳ್ಳುವುದಿದೆಯಲ್ಲ, ಅದಕ್ಕೆ ತಲೆ ಬೇಕು. ನನಗೆ ಆ ತಲೆ ಇದೆ. ಆದರೆ ಅದು ನನ್ನ ಸ್ವಂತದ್ದಲ್ಲ, ಅಜ್ಜಿಯಿಂದ ಬಂದದ್ದು. ಅಜ್ಜಿಗೆ ಅದು ಬಂದದ್ದು ಮೂರು ಮರಿಗಳನ್ನು ಕಳೆದುಕೊಂಡ ಮೇಲೆ.

ನಾನು ಎಂಟೊಂಬತ್ತು ವರ್ಷದವಳಿದ್ದಾಗ ನಮ್ಮ ಮನೆ ಶರಣಬಸವೇಶ್ವರ ಗುಡಿಗೆ ಹೋಗುವ ದಾರಿಯ ಒಂದು ಓಣಿಯಲ್ಲಿತ್ತು. ನಿಜಾಮರ ರಾಜ್ಯ. ಊರನ್ನು ಎಲ್ಲರೂ ಗುಲ್ಬರ್ಗಾ ಎನ್ನುತ್ತಿದ್ದರು. ಶಾಲೆಯಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಅಜ್ಜಿ ಸಿಟ್ಟಿಗೆದ್ದರೆ ಮರಾಠಿ. ನಾವು ಅಪ್ಪನನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಅಣ್ಣನ ಮಾತು ಕಡಿಮೆ, ಅವ್ವನದು ಅದಕ್ಕಿಂತ ಕಡಿಮೆ. ಹೀಗಾಗಿ ಮನೆಯ ಒಟ್ಟು ಮಾತಿನ ಭಾರ ಅಜ್ಜಿಯ ಮೇಲೂ ನನ್ನ ಮೇಲೂ ಬಿದ್ದಿತ್ತು. ನಾವಿಬ್ಬರೂ ಅದನ್ನು ಚೆನ್ನಾಗಿಯೇ ಹೊತ್ತೆವು.

ಅಜ್ಜಿಯ ತವರು ಕಮಲಾಪುರ. ಅಲ್ಲಿಯ ಕೆಂಪು ಬಾಳೆಹಣ್ಣು ನೀವು ತಿಂದಿರಬಹುದು. ತಿಂದಿಲ್ಲವಾದರೆ ಈ ಪ್ರಬಂಧವನ್ನು ಇಲ್ಲಿಗೇ ಬಿಟ್ಟು ಹೋಗಿ ತಿಂದು ಬನ್ನಿ, ನಾನು ಕಾಯುತ್ತೇನೆ. ಆ ಹಣ್ಣು ತಿಂದರೆ ಕೆನ್ನೆ ಕೆಂಪಗಾಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ನಾನು ಒಂದೇ ದಿನ ಒಂಬತ್ತು ಹಣ್ಣು ತಿಂದಿದ್ದೆ. ಕೆನ್ನೆ ಕೆಂಪಗಾಗಲಿಲ್ಲ. ಉಳಿದದ್ದನ್ನು ಹೇಳುವುದು ಬೇಡ. ಅಜ್ಜಿಯ ತಮ್ಮ ಶೀನಜ್ಜನಿಗೆ ಅಲ್ಲಿ ಸಣ್ಣದೊಂದು ಬಾಳೆಯ ತೋಟ, ಜೊತೆಗೆ ಹನುಮಪ್ಪನ ಗುಡಿಯ ಪೂಜೆ. ಅವರ ಮನೆಯಲ್ಲೊಂದು ಪದ್ಧತಿಯಿತ್ತು: ಗೊನೆ ಕಡಿಯುವಾಗ ಕಟ್ಟಕಡೆಯ ಚಿಪ್ಪನ್ನು ಗಿಡದ ಮೇಲೇ ಬಿಡುವುದು. ಅದು ಹಕ್ಕಿ ಮತ್ತು ಅಳಿಲಿನ ಪಾಲು. ಅಜ್ಜಿ ಮದುವೆಯಾಗಿ ಗುಲ್ಬರ್ಗಾಕ್ಕೆ ಬರುವಾಗ ತವರಿನಿಂದ ಬಂಗಾರಕ್ಕಿಂತ ಜಾಸ್ತಿ ತಂದದ್ದು ಬಾಳೆಯ ಗಡ್ಡೆ ಮತ್ತು ಈ ಪದ್ಧತಿ. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಬಾವಿಯ ಪಕ್ಕ ನಿಂಬೆ, ಗೋಡೆಗೆ ಮಲ್ಲಿಗೆಯ ಹಂದರ, ನಡುವೆ ತುಳಸಿ. ಅದರ ತುಂಬ ಹಕ್ಕಿ. ಅಜ್ಜಿ ಮಡಿಯಲ್ಲಿದ್ದಾಗ ಮೊಮ್ಮಕ್ಕಳು ಮುಟ್ಟಬಾರದು, ಆದರೆ ಸೂರಕ್ಕಿ ಬಂದು ಸೆರಗಿನ ಮೇಲೆ ಕುಳಿತರೆ ಮೈಲಿಗೆಯಿಲ್ಲ. ನನಗೆ ಆ ಸೂರಕ್ಕಿಯ ಮೇಲೆ ಬಹಳ ಹೊಟ್ಟೆಕಿಚ್ಚು.

ಹಿತ್ತಲಿನ ಗೋಡೆಯಾಚೆ ಮುನ್ಶಿ ಸಾಹೇಬರ ಮನೆ. ಕಚೇರಿಯಲ್ಲಿ ಮೂವತ್ತು ವರ್ಷ ಕಾಗದ ಬರೆದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಗಳು ಹೈದರಾಬಾದಿನಲ್ಲಿ. ಮನೆಯಲ್ಲಿ ಅವರು, ಅವರ ಮೆಹಂದಿ ಗಿಡ ಮತ್ತು ಅವರ ಬೆಕ್ಕು. ಮೆಹಂದಿ ಗಿಡದ ಬುಡ ಅವರ ಕಡೆ, ಮುಕ್ಕಾಲು ರೆಂಬೆ ನಮ್ಮ ಕಡೆ. ಅದರಲ್ಲಿ ಪ್ರತಿ ವರ್ಷ ಬುಲ್‌ಬುಲ್ ಗೂಡು. ಪುಸ್ತಕದ ಕನ್ನಡದಲ್ಲಿ ಅದಕ್ಕೆ ಪಿಕಳಾರ ಅನ್ನುತ್ತಾರೆಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ಮುನ್ಶಿ ಸಾಹೇಬರು ಗೋಡೆಯ ಮೇಲೆ ಬೆರಳಿಂದ ಅಲಿಫ್ ಬೇ ಬರೆದು ನನಗೆ ಉರ್ದು ಪಾಠ ಹೇಳುತ್ತಿದ್ದರು. ನಡುನಡುವೆ, "ಬೇಟಿ, ಶಾಯರಿಯೊಳಗ ಬುಲ್‌ಬುಲ್ ಗುಲಾಬಿ ಹೂವಿಗೆ ಅಳ್ತದ. ನಿಮ್ಮ ಹಿತ್ತಲದಾಗ ಮೆಣಸಿನಕಾಯಿ ತಿಂದು ನಗತದ," ಎಂದು ತಮಾಷೆ ಮಾಡುತ್ತಿದ್ದರು.

ಬೆಕ್ಕಿನ ಹೆಸರು ನವಾಬ. ಬೂದಿ ಬಣ್ಣ, ದಪ್ಪ ಮುಖ, ಯಾರ ಕರೆಗೂ ಓಗೊಡದ ಠೀವಿ. ದಿನವಿಡೀ ಗೋಡೆಯ ಮೇಲೆ ಮಲಗಿರುತ್ತಿತ್ತು. ಅದರ ತಲೆಯ ಮೇಲೆ ಎರಡು ಮೊಳ ದೂರದಲ್ಲಿ ಬುಲ್‌ಬುಲ್ ಮರಿಗಳಿಗೆ ಗುಟುಕು ಕೊಡುತ್ತಿದ್ದರೂ ಕಣ್ಣು ಸಹ ತೆರೆಯುತ್ತಿರಲಿಲ್ಲ. ಅಜ್ಜಿ ಅದನ್ನು ನೋಡಿ ನೋಡಿ ಬೆರಗಾಗಿ, "ಹಿಂದಿನ ಜನ್ಮದಾಗ ಇದು ಯಾರೋ ಸಾತ್ವಿಕರು," ಎಂದು ತೀರ್ಮಾನ ಕೊಟ್ಟಿದ್ದಳು. ನವಾಬನಿಗೆ ದಿನವೂ ಬೆಳಿಗ್ಗೆ ಮುನ್ಶಿ ಸಾಹೇಬರ ಅಡಿಗೆಮನೆಯಲ್ಲಿ ಏನು ಸಿಗುತ್ತಿತ್ತು ಎಂಬುದು ಗೋಡೆಯ ಆಚೆಯ ಸಂಗತಿ. ಅದನ್ನು ವಿಚಾರಿಸುವುದು ನಮ್ಮ ಮರ್ಯಾದೆಯಲ್ಲಿ ಇರಲಿಲ್ಲ.

ಆಮೇಲೆ ರಜಾಕಾರರ ಗದ್ದಲ ಶುರುವಾಯಿತು. ಊರಲ್ಲಿ ಜನ ಮೆತ್ತಗೆ ಮಾತಾಡುವುದನ್ನು ಕಲಿತರು. ಅಣ್ಣ ನಮ್ಮೆಲ್ಲರನ್ನೂ ಬಂಡಿಯಲ್ಲಿ ಕಮಲಾಪುರಕ್ಕೆ ಸಾಗಿಸಿದ. ಮಳೆ ಸರಿಯಾಗಿ ಬಾರದ ಆ ಮಳೆಗಾಲದ ತಿಂಗಳುಗಳಲ್ಲಿ ಶೀನಜ್ಜನ ಬಾಳೆಯ ತೋಟದಲ್ಲಿ ನಾನು ಮರಕ್ಕೊಂದು ಹೆಸರಿಟ್ಟುಕೊಂಡು ಸುಖವಾಗಿದ್ದೆ. ದೊಡ್ಡವರು ಸುಖವಾಗಿರಲಿಲ್ಲ. ಅಜ್ಜಿಗೆ ಜೀವದ ಭಯಕ್ಕಿಂತ ಹಿತ್ತಲಿನ ಚಿಂತೆ ದೊಡ್ಡದು. "ಪರಾತದಾಗ ನೀರು ಇಲ್ಲದ ಹಕ್ಕಿ ಬಂದು ತಿರುಗಿ ಹೋಗಿರ್ತಾವ," ಎಂದು ದಿನಕ್ಕೊಮ್ಮೆ ಹೇಳುತ್ತಿದ್ದಳು. ಪೊಲೀಸ್ ಆಕ್ಷನ್ ಆಗಿ ಐದು ದಿನದಲ್ಲಿ ರಾಜ್ಯ ಬದಲಾಯಿತು. ಹಾದಿ ತಣ್ಣಗಾದ ಮೇಲೆ ನಾವು ಮನೆಗೆ ಮರಳಿದೆವು.

ಹಿತ್ತಲ ಬಾಗಿಲು ತೆರೆದ ಅಜ್ಜಿ ಅಲ್ಲೇ ನಿಂತುಬಿಟ್ಟಳು. ಪರಾತದ ತುಂಬ ನೀರು. ತುಳಸಿ ಹಸಿರಾಗಿತ್ತು. ಗೋಡೆಗೆ ಒಂದು ಏಣಿ ಆನಿಕೊಂಡಿತ್ತು, ಆಚೆ ಕಡೆಯಿಂದ. ಎಪ್ಪತ್ತರ ಹತ್ತಿರದ ಮುನ್ಶಿ ಸಾಹೇಬರು ದಿನವೂ ಆ ಏಣಿ ಹತ್ತಿ ನೀರು ಸುರಿದಿದ್ದರು. ತುಳಸಿಯ ಕಟ್ಟೆಯನ್ನು ಮುಟ್ಟಬಾರದೆಂದು ಗೋಡೆಯ ಮೇಲೆ ಕುಳಿತೇ ಉದ್ದನೆಯ ಬಿದಿರಿಗೆ ತಂಬಿಗೆ ಕಟ್ಟಿ ತುಳಸಿಗೆ ನೀರು ಹಾಕಿದ್ದರಂತೆ. ಅದನ್ನು ಕೇಳಿ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನಂತೂ ಬಹಳ ದಿನ ಆ ಬಿದಿರಿನ ತಂಬಿಗೆಗಾಗಿ ಹಟ ಮಾಡಿದೆ.

ಆದರೆ ನಾವು ಬಂದದ್ದೇ ಅವರು ಹೊರಡುವ ಹೊತ್ತಾಯಿತು. ಆ ಹೊತ್ತಿಗೆ ಭಯ ಓಣಿಯ ಈ ಮನೆಗಳನ್ನು ಬಿಟ್ಟು ಆ ಮನೆಗಳಿಗೆ ಹೋಗಿತ್ತು. ಮಗಳು ಹೈದರಾಬಾದಿನಿಂದ ಕಾಗದದ ಮೇಲೆ ಕಾಗದ ಬರೆದಳು. ಅವಳದು ಮಾಳಿಗೆಯ ಮೇಲಿನ ಎರಡು ಕೋಣೆ, ಬೆಕ್ಕಿಗೆ ಅಲ್ಲಿ ಜಾಗವಿಲ್ಲ. ಒಂದು ಮುಂಜಾನೆ ಮುನ್ಶಿ ಸಾಹೇಬರು ನವಾಬನನ್ನು ಎತ್ತಿಕೊಂಡು ಗೋಡೆಯ ಹತ್ತಿರ ಬಂದು ನಿಂತರು.

"ಅಕ್ಕಾರ, ಇದನ್ನ ಬೀದಿಗೆ ಬಿಡಾಕ ಮನಸ್ಸಾಗವಲ್ದು."

"ಬೀದಿಗೆ ಯಾಕ ಬಿಡ್ತೀರಿ? ನನ್ನ ಗಿಡಾ ನೀವು ಉಳಿಸೀರಿ. ಇದು ಇಲ್ಲೇ ಇರ್ತದ," ಎಂದಳು ಅಜ್ಜಿ.

ಅವರು ಏನೋ ಹೇಳಲು ಬಾಯಿ ತೆರೆದರು. ಅಜ್ಜಿಯ ಮಡಿ ಸೀರೆ, ಹಣೆಯ ಗೋಪಿಚಂದನ ನೋಡಿ ಸುಮ್ಮನಾದರು. ಏನು ಹೇಳಬೇಕೆಂದಿದ್ದರು ಅನ್ನುವುದು ನನಗೆ ಈಗ ಚೆನ್ನಾಗಿ ಗೊತ್ತು. ಆಗ ಅವರು ಬಾಯಿಬಿಟ್ಟು ಹೇಳಿದ್ದರೆ ನಮ್ಮ ಹಿತ್ತಲಲ್ಲಿ ಆ ಅನಾಹುತ ಆಗುತ್ತಿರಲಿಲ್ಲ. ಆದರೆ ಹಾಗೆ ಬಾಯಿಬಿಟ್ಟು ಹೇಳುವ ಮನುಷ್ಯನಾಗಿದ್ದರೆ ಅವರು ಬಿದಿರಿಗೆ ತಂಬಿಗೆಯನ್ನೂ ಕಟ್ಟುತ್ತಿರಲಿಲ್ಲ.

ಹೀಗೆ ನವಾಬ ನಮ್ಮ ಮನೆಯವನಾದ. ಅಜ್ಜಿ ಅವನಿಗೆ ಹಾಲು ಅನ್ನ ಕಲಸಿ ಇಟ್ಟಳು. ಮೂರು ದಿನ ಮೂಸಿ ನೋಡಿ ಹೋದ. ನಾಲ್ಕನೆಯ ದಿನ ತಿಂದ. ಅಜ್ಜಿಗೆ ಆದ ಸಂತೋಷ ಅಣ್ಣ ವಕೀಲಿ ಪಾಸಾದಾಗಲೂ ಆಗಿರಲಿಲ್ಲವಂತೆ. ಏಕಾದಶಿಯ ದಿನ ಅನ್ನವಿಲ್ಲ, ಬರೀ ಹಾಲು, ಒಂದು ತುಂಡು ಬಾಳೆಹಣ್ಣು. ನವಾಬ ಹಣ್ಣನ್ನು ಬಿಟ್ಟು ಹಾಲನ್ನಷ್ಟೇ ನೆಕ್ಕಿ ಹಿತ್ತಲಿಗೆ ಹೋಗುತ್ತಿದ್ದ. ಸಂಜೆ ತೃಪ್ತಿಯಿಂದ ಮೀಸೆ ನೆಕ್ಕಿಕೊಳ್ಳುತ್ತ ಬರುತ್ತಿದ್ದ. "ನೋಡ್ರಿ, ಉಪವಾಸ ಮಾಡಿದವರ ಮುಖದ ಕಳೆ," ಎಂದು ಅಜ್ಜಿ ಎಲ್ಲರಿಗೂ ತೋರಿಸುತ್ತಿದ್ದಳು. ಬಚ್ಚಲ ಹತ್ತಿರದ ಕಪ್ಪೆಗಳ ಸದ್ದು ನಿಂತದ್ದಾಗಲಿ, ಬೇಲಿಯ ಮೇಲೆ ತಲೆ ಹಾಕುತ್ತಿದ್ದ ಓತಿಕ್ಯಾತ ಕಾಣದಾದದ್ದಾಗಲಿ ನಮ್ಮ ಗಮನಕ್ಕೆ ಬರಲೇ ಇಲ್ಲ. ನಾವೆಲ್ಲ ನವಾಬನ ಏಕಾದಶಿ ನೋಡುವುದರಲ್ಲಿ ಮುಳುಗಿದ್ದೆವು. ಅವನು ಹಿತ್ತಲಲ್ಲಿ ಪಾರಣೆ ಮಾಡುತ್ತಿದ್ದ.

ಸುದ್ದಿ ಓಣಿ ತುಂಬ ಹರಡಿತು. ಬೆಕ್ಕು ವೈಷ್ಣವ ಆಗಿದೆಯಂತೆ! ನೋಡಲು ಜನ ಬಂದರು. ಎದುರುಮನೆಯ ಹಣಮಂತರಾಯರು ನಶ್ಯ ಏರಿಸಿ, "ಐದು ದಿನದಾಗ ಹೈದರಾಬಾದ ಬದಲಾತು, ಐದು ವಾರದಾಗ ಬೆಕ್ಕೂ ಬದಲಾತು," ಎಂದರು. ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳು. ಆ ನಗುವಿನಲ್ಲಿ ಬೆಕ್ಕಿಗೆ ಸಂಬಂಧವಿಲ್ಲದ ಗೆಲುವೊಂದು ಬೆರೆತಿತ್ತು ಎಂದು ನನಗೆ ಈಗ ಅನಿಸುತ್ತದೆ. ಕಮಲಾಪುರದಿಂದ ಬಂದ ಶೀನಜ್ಜನಂತೂ ಊರಿಗೆ ಹೋಗಿ ಗುಡಿಯ ಕಟ್ಟೆಯ ಮೇಲೆ ಈ ಬೆಕ್ಕಿನ ಮಹಿಮೆಯನ್ನು ಪುರಾಣದ ನಡುವೆ ಸೇರಿಸಿ ಹೇಳತೊಡಗಿದ. ಶೀನಜ್ಜ ಬಲು ಕಟ್ಟಾ ಮಡಿಯವ. ಪರವೂರಲ್ಲಿ ಎಲ್ಲಿಯೂ ಊಟ ಮಾಡುತ್ತಿರಲಿಲ್ಲ, ಅಕ್ಕ ಮಡಿಯಲ್ಲಿ ಬೇಯಿಸಿದ್ದೊಂದನ್ನು ಬಿಟ್ಟು. ಅದು ಅಜ್ಜಿಯ ಪಾಲಿಗೆ ಬಿರುದು ಇದ್ದಂತೆ.

ಶಿವರಾತ್ರಿಗೆ ಎರಡು ವಾರ ಮುಂಚೆ ಮೆಹಂದಿ ಗಿಡದಲ್ಲಿ ಬುಲ್‌ಬುಲ್ ಗೂಡು ಕಟ್ಟಿತು. ಮೂರು ಮೊಟ್ಟೆ, ಆಮೇಲೆ ಮೂರು ಬಾಯಿ. ಆ ಮರಿಗಳಿಗೆ ಮೈಗಿಂತ ಬಾಯಿ ದೊಡ್ಡದು. ನಾನು ಒರಳುಕಲ್ಲಿನ ಮೇಲೆ ನಿಂತು ದಿನಕ್ಕೆ ಹತ್ತು ಸಲ ಇಣುಕುತ್ತಿದ್ದೆ. ಹೋಳಿ ಹುಣ್ಣಿಮೆಯ ಮರುದಿನ ಅವು ಗೂಡಿನಿಂದ ಕೆಳಗಿಳಿದವು. ಬುಲ್‌ಬುಲ್ ಮರಿಗಳು ಗೂಡು ಬಿಟ್ಟ ಕೂಡಲೇ ಹಾರುವುದಿಲ್ಲ, ಎರಡು ಮೂರು ದಿನ ಗಿಡದ ಬುಡದಲ್ಲಿ, ಕೆಳಗಿನ ಕೊಂಬೆಗಳಲ್ಲಿ ಕುಪ್ಪಳಿಸುತ್ತ ತಾಯಿಗೆ ಹಸಿವು ಎಂದು ಹೇಳುತ್ತಿರುತ್ತವೆ. ಆ ಎರಡು ಮೂರು ದಿನವೇ ಅವುಗಳ ಪಾಲಿಗೆ ಪರೀಕ್ಷೆ. ಅಂದು ಬೆಳಿಗ್ಗೆ ಅಜ್ಜಿ ಮುಂಬಾಗಿಲಲ್ಲಿ ಯಾರೋ ಹೆಂಗಸಿಗೆ ನವಾಬನ ಸಾತ್ವಿಕತೆ ವಿವರಿಸುತ್ತಿದ್ದಳು. ಹಿತ್ತಲಲ್ಲಿ ತಾಯಿ ಹಕ್ಕಿಯ ಕಿರುಚಾಟ ಕೇಳಿ ನಾವು ಓಡಿದೆವು. ತುಳಸಿ ಕಟ್ಟೆಯ ಹಿಂದೆ ಮೂರು ಹಿಡಿ ಪುಕ್ಕ. ನವಾಬ ಬಿಸಿಲಿಗೆ ಮೈ ಚಾಚಿ ಮಲಗಿದ್ದ. ಮೂಗಿನ ತುದಿಗೆ ಒಂದು ಸಣ್ಣ ಗರಿ ಅಂಟಿತ್ತು.

ಅಜ್ಜಿ ಅಂದು ಊಟ ಮಾಡಲಿಲ್ಲ. ತಾಯಿ ಬುಲ್‌ಬುಲ್ ಬಾಯಲ್ಲಿ ಹುಳು ಹಿಡಿದು ಸಂಜೆಯವರೆಗೆ ಆ ಗಿಡಕ್ಕೆ ಬರುತ್ತಲೇ ಇತ್ತು. ಅಜ್ಜಿ ಅದನ್ನೇ ನೋಡುತ್ತ ಹಿತ್ತಲ ಹೊಸ್ತಿಲಲ್ಲಿ ಕುಳಿತಿದ್ದಳು. ನನಗೆ ಬಹಳ ಅಳು ಬಂತು. ನಾನು ನವಾಬನಿಗೆ ಕಲ್ಲು ಎಸೆದೆ, ಅದು ತುಳಸಿಯ ದೀಪಕ್ಕೆ ಬಿತ್ತು. ಗುರಿಯ ವಿಷಯದಲ್ಲಿ ನಾನು ಇಂದಿಗೂ ಹಾಗೆಯೇ.

ಹಿತ್ತಲು ಗುಡಿಸಿ ಕುಳ್ಳು ತಟ್ಟಲು ಗುಂಡಮ್ಮ ಬರುತ್ತಿದ್ದಳು. ಓಣಿಯಾಚೆಯ ಕೂಲಿಕಾರರ ಕೇರಿಯವಳು, ಅಜ್ಜಿಗಿಂತ ಹತ್ತು ವರ್ಷ ಚಿಕ್ಕವಳು, ಅಜ್ಜಿಯ ಎದುರು ನಿಂತು ಮಾತಾಡುವ ಧೈರ್ಯ ಇದ್ದ ಏಕೈಕ ವ್ಯಕ್ತಿ. ಪುಕ್ಕ ಗುಡಿಸುತ್ತ ಅವಳು ಕೇಳಿದಳು.

"ಅಜ್ಜೀ, ಏನ ಹಾಕ್ತೀರಿ ಇದಕ್ಕ?"

"ಹಾಲು, ಅನ್ನ, ತುಪ್ಪಾ ಸುದ್ಧಾ."

"ಮುನ್ಶಿ ಸಾಹೇಬ್ರು ದಿನಾ ಮುಂಜಾನಿ ಇದಕ್ಕ ಕುರಿ ಮಾಂಸದ ಚೂರು ಹಾಕ್ತಿದ್ರು. ನಾನೇ ತಂದು ಕೊಡ್ತಿದ್ದೆ. ಹೊಟ್ಟಿ ತುಂಬಿತ್ತು, ಅದಕ್ಕ ಮಲಗ್ತಿತ್ತು. ಈಗ ಹಸದದ. ಹಸದ ಬೆಕ್ಕು ನಿಮ್ಮ ಪುರಾಣ ಕೇಳ್ತದೇನ್ರೀ?"

ಅಜ್ಜಿಯ ಸಾತ್ವಿಕ ಸಿದ್ಧಾಂತ ಒಂದೇ ಏಟಿಗೆ ನೆಲಕ್ಕೆ ಬಿದ್ದಿತ್ತು. ನವಾಬ ಸಂತನಾಗಿರಲಿಲ್ಲ. ಹೊಟ್ಟೆ ತುಂಬಿದವನಾಗಿದ್ದ, ಅಷ್ಟೇ.

ಅಣ್ಣ ಸುಲಭದ ದಾರಿ ಹೇಳಿದ: ಚೀಲದಲ್ಲಿ ಹಾಕಿ ಹಳ್ಳ ದಾಟಿಸಿ ಬಿಟ್ಟು ಬರುವುದು. ಬೇಡದ ಬೆಕ್ಕಿಗೆ ಎಲ್ಲರೂ ಮಾಡುವುದು ಅದನ್ನೇ. ಅಜ್ಜಿ ಒಪ್ಪಲಿಲ್ಲ. ಕಮಲಾಪುರದ ತೋಟಕ್ಕೆ ಕಳಿಸೋಣವೆಂದರೆ ಅಲ್ಲಿಯೂ ಗಿಡಗಿಡಕ್ಕೆ ಗೂಡು. ಕೊಟ್ಟ ಮಾತು ಒಂದು ಕಡೆ, ಹಿತ್ತಲಿಗೆ ಬಂದ ಹಕ್ಕಿ ಇನ್ನೊಂದು ಕಡೆ. ಯಾವುದನ್ನು ಕೈಬಿಟ್ಟರೂ ತಾನು ತಾನಾಗಿ ಉಳಿಯುವುದಿಲ್ಲ ಎಂದು ಅಜ್ಜಿಗೆ ಗೊತ್ತಿತ್ತು. ಯುಗಾದಿ ಹೊತ್ತಿಗೆ ಅದೇ ಬುಲ್‌ಬುಲ್ ಜೋಡಿ ಅದೇ ಮೆಹಂದಿ ಗಿಡದಲ್ಲಿ ಮತ್ತೆ ನಾರು ತಂದು ಹೆಣೆಯತೊಡಗಿತು. ಹಕ್ಕಿಗಳಿಗೆ ಬುದ್ಧಿಯಿಲ್ಲ ಎಂದು ನಾನು ಅಂದೆ. "ಬುದ್ಧಿ ಇಲ್ಲ ಅಲ್ಲ, ನಂಬಿಕಿ ಅದ," ಎಂದಳು ಅಜ್ಜಿ. ಅಂದೇ ಗುಂಡಮ್ಮನನ್ನು ಬಾವಿಯ ಮರೆಗೆ ಕರೆದು ಏನೋ ಪಿಸುಗುಟ್ಟಿದಳು. ಗುಂಡಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಮರುದಿನದಿಂದ ನಸುಕಿನಲ್ಲಿ, ಮನೆಯವರು ಏಳುವ ಮುಂಚೆ, ಗುಂಡಮ್ಮ ಮುತ್ತಲ ಎಲೆಯಲ್ಲಿ ಸುತ್ತಿದ ಒಂದು ಗಂಟು ತಂದು ಗೋಡೆಯ ಸಂದಿಯಲ್ಲಿ ಇಡತೊಡಗಿದಳು. ನನಗೆ ಗೊತ್ತಾದದ್ದು ನಾನು ಅಜ್ಜಿಯ ಮಗ್ಗುಲಲ್ಲಿ ಮಲಗುತ್ತಿದ್ದುದರಿಂದ. ಅಜ್ಜಿ ಮೊದಲ ದಿನ ಕುಳ್ಳಿನ ಒಲೆಯ ಇಕ್ಕಳದಿಂದ ಗಂಟು ಎತ್ತಿ, ಮುಖ ಆ ಕಡೆ ತಿರುಗಿಸಿ, ಶ್ರೀಹರಿ ಶ್ರೀಹರಿ ಎನ್ನುತ್ತ ನವಾಬನ ಮುಂದೆ ಸುರಿದಳು. ನವಾಬ ಇಕ್ಕಳ ಕಂಡು ಗೋಡೆ ಹತ್ತಿಬಿಟ್ಟ. ಎರಡು ದಿನ ಹೀಗೇ ಆಯಿತು. ಮೂರನೆಯ ದಿನ ಅಜ್ಜಿ ಇಕ್ಕಳ ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ, ಕೈಯಿಂದಲೇ ಹಾಕಿದಳು. ನವಾಬ ಬಂದು ಆಕೆಯ ಬೆರಳು ನೆಕ್ಕಿದ. ನನ್ನ ಕಡೆ ತಿರುಗಿ, "ಕೂಸ, ಈ ಮಾತು ಎಲ್ಲೂ ಆಡಬ್ಯಾಡ," ಎಂದಳು. ಮಾತಾಡುವುದೇ ಕಸುಬಾಗಿದ್ದ ನಾನು ಒಂದು ಗುಟ್ಟನ್ನು ಕಾಪಾಡಿದ್ದು ಜೀವನದಲ್ಲಿ ಅದೊಂದೇ ಸಲ.

ಅದಾದ ಮೇಲೆ ಅಜ್ಜಿ ಬಾವಿಯಿಂದ ಏಳು ಕೊಡ ನೀರು ಸೇದಿ ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದಳು. ಎಂದಿನ ಸ್ನಾನ ಎದ್ದ ಕೂಡಲೇ, ಎರಡನೆಯದು ಬೆಕ್ಕಿನ ಊಟದ ನಂತರ. ನಸುಕಿನಲ್ಲಿ ಎರಡೆರಡು ಸ್ನಾನದ ಸದ್ದು ಕೇಳಿದ ಓಣಿಯವರು ಅಜ್ಜಿಯ ನಿಷ್ಠೆ ದಿನದಿನಕ್ಕೆ ಹೆಚ್ಚುತ್ತಿದೆ ಎಂದುಕೊಂಡರು. ಹಣಮಂತರಾಯರ ಹೆಂಡತಿ ಬಂದು ಕಾಲಿಗೆ ಬಿದ್ದು ಹೋದಳು. ನಾನು ಅಡಿಗೆಮನೆಗೆ ಓಡಿ ಬಾಯಿಗೆ ಬಟ್ಟೆ ತುರುಕಿಕೊಂಡೆ.

ಊಟವೊಂದೇ ಸಾಲದು ಎಂದು ಗುಂಡಮ್ಮನೇ ಹೇಳಿದಳು. ಬೆಕ್ಕಿಗೆ ಹೊಟ್ಟೆ ತುಂಬಿದರೂ ಆಟ ಬಿಡುವುದಿಲ್ಲ. ಅವಳು ಜಾಲಿಯ ಮುಳ್ಳು ತಂದು ಮೆಹಂದಿಯ ಬುಡಕ್ಕೂ ಗೋಡೆಯ ಮೇಲಕ್ಕೂ ಹರಡಿದಳು. ನಾನು ನನ್ನ ಕಾಲಿನ ಗೆಜ್ಜೆ ಬಿಚ್ಚಿ ನವಾಬನ ಕೊರಳಿಗೆ ಕಟ್ಟಿದೆ. ಎರಡೇ ದಿನದಲ್ಲಿ ಅವನು ಗೆಜ್ಜೆ ಸದ್ದಾಗದಂತೆ ನಡೆಯಲು ಕಲಿತ. ನಾನು ಮಾತ್ರ ಗೆಜ್ಜೆಯಿಲ್ಲದ ಕಾಲಿಗಾಗಿ ಅವ್ವನಿಂದ ಬೈಸಿಕೊಂಡೆ. ಕೊನೆಗೆ ಮರಿಗಳು ಕೆಳಗಿಳಿದ ಆ ಮೂರು ದಿನ, ಜೋಳ ತುಂಬುವ ದೊಡ್ಡ ಬುಟ್ಟಿಯನ್ನು ನವಾಬನ ಮೇಲೆ ಬೋರಲು ಹಾಕಿ, ಅದರ ಮೇಲೆ ನಾನು ಕುಳಿತು ಮಗ್ಗಿ ಬಾಯಿಪಾಠ ಮಾಡಿದೆ. ಹತ್ತೊಂಬತ್ತರ ಮಗ್ಗಿ ನನಗೆ ಇಂದಿಗೂ ಬರುವುದು ಆ ಬೆಕ್ಕಿನ ದಯೆ. ಅಣ್ಣ, ಅವ್ವ ಕೇಳಿದರೆ ಆಟ ಎನ್ನುತ್ತಿದ್ದೆ. ಬುಟ್ಟಿಯೊಳಗಿನಿಂದ ನವಾಬ ಹೊಟ್ಟೆ ತುಂಬಿದವರ ಹಾಗೆ ಗೊರಕೆ ಹೊಡೆಯುತ್ತಿದ್ದ. ಮೂರನೆಯ ದಿನ ಸೂರ್ಯ ಏರುವಾಗ ಒಂದು, ಆಮೇಲೆ ಇನ್ನೊಂದು, ಮಧ್ಯಾಹ್ನಕ್ಕೆ ಮೂರನೆಯದು ಗೋಡೆ ದಾಟಿ ಹಾರಿಹೋದವು. ಅಜ್ಜಿ ಎರಡೂ ಕೈ ಎತ್ತಿ ಆ ಕಡೆ ಮುಗಿದಳು. ಗುಂಡಮ್ಮನಿಗೆ ತಂಬಿಗೆ ತುಂಬ ಮಜ್ಜಿಗೆ, ಅದರ ಮೇಲೆ ಇಷ್ಟೆತ್ತರ ಬೆಣ್ಣೆ.

ಆದರೆ ಗುಟ್ಟು ಗುಟ್ಟಾಗಿಯೇ ಉಳಿಯಿತು. ಬೆಕ್ಕಿನ ಮಹಿಮೆ ಕೇಳಲು ಬಂದವರಿಗೆ ಅಜ್ಜಿ ಈಗ ಏನೂ ಹೇಳುತ್ತಿರಲಿಲ್ಲ, ಅಲ್ಲವೆಂದೂ ಹೇಳುತ್ತಿರಲಿಲ್ಲ. ಹೇಳಿದ ದಿನ ಶೀನಜ್ಜ ಎಲೆ ಬಿಟ್ಟು ಏಳುತ್ತಾನೆ, ಹಬ್ಬ ಹುಣ್ಣಿಮೆಗೆ ನೈವೇದ್ಯದ ಅಡಿಗೆ ಮಾಡಲು ಯಾರೂ ಕರೆಯುವುದಿಲ್ಲ. ವಿಧವೆಯಾಗಿ ಇಪ್ಪತ್ತು ವರ್ಷ ಕಳೆದ ಅಜ್ಜಿಗೆ ಆ ಅಡಿಗೆಯ ಮಡಿಯೊಂದೇ ಊರಿನಲ್ಲಿದ್ದ ಸ್ಥಾನ. ಆಕೆಗೆ ಅದು ಎಷ್ಟು ದೊಡ್ಡದಾಗಿತ್ತು ಎಂಬುದು ಬುಟ್ಟಿಯ ಮೇಲೆ ಕುಳಿತ ಹುಡುಗಿಗೂ ತಿಳಿಯುತ್ತಿತ್ತು.

ಬೇಸಿಗೆಯಲ್ಲಿ ಮುನ್ಶಿ ಸಾಹೇಬರು ಬಂದರು. ಮನೆಯನ್ನು ಬೇರೆಯವರಿಗೆ ಒಪ್ಪಿಸಲು ಬಂದಿದ್ದರು. ಅಂದು ಶೀನಜ್ಜನೂ ಬಾಳೆಗೊನೆ ಹೊತ್ತುಕೊಂಡು ಕಮಲಾಪುರದಿಂದ ಬಂದಿದ್ದ. ಊಟ ಮುಗಿಸಿ, ಅಣ್ಣ ಮತ್ತು ಹಣಮಂತರಾಯರ ಜೊತೆ ಹೊರಗಿನ ಕಟ್ಟೆಯ ಮೇಲೆ ಅಡಿಕೆ ಹಾಕಿಕೊಂಡು ಕುಳಿತಿದ್ದ. ಮುನ್ಶಿ ಸಾಹೇಬರು ಆರು ತಿಂಗಳಲ್ಲಿ ಆರು ವರ್ಷ ಮುದುಕರಾಗಿದ್ದರು. ಕಟ್ಟೆಯ ಅಂಚಿಗೆ ಕುಳಿತರು. ಅವರು ಕರೆಯುವ ಮುಂಚೆಯೇ ನವಾಬ ಎಲ್ಲಿಂದಲೋ ಬಂದು ಅವರ ಕಾಲಿಗೆ ಮೈ ಉಜ್ಜಿದ. ಮುನ್ಶಿ ಸಾಹೇಬರು ಅವನ ಬೆನ್ನ ಮೇಲೆ ಕೈಯಿಟ್ಟರು.

"ಕಚೇರಿಗೆ ಹೋಗಿದ್ದೆ ರೀ," ಎಂದರು ಅಣ್ಣನಿಗೆ. "ಬೋರ್ಡು ಬದಲಾಗ್ಯದ, ಕಾಗದಾ ಬದಲಾಗ್ಯದ. ನನ್ನ ಬರಹ ಓದೋರು ಯಾರೂ ಉಳದಿಲ್ಲ ಅಂದ್ರು. ಇದೊಂದು ನನ್ನ ಗುರ್ತು ಹಿಡೀತು."

ಶೀನಜ್ಜನಿಗೆ ಉತ್ಸಾಹ ತಡೆಯಲಿಲ್ಲ. "ಸಾಹೇಬ್ರ, ಬೆಕ್ಕೂ ಬದಲಾಗ್ಯದರೀ! ನಮ್ಮಕ್ಕನ ಕೈಯಾಗ ಸಿಕ್ಕು ಅಪ್ಪಟ ವೈಷ್ಣವ ಆಗ್ಯದ. ಮಾಂಸ ಮುಟ್ಟೂದಿಲ್ಲ. ಏಕಾದಶಿ ಸುದ್ಧಾ ಮಾಡ್ತದ. ಇನ್ನ ಅದು ನಿಮ್ಮದಲ್ಲ, ನಮ್ಮದು."

ಹಣಮಂತರಾಯರು ನಕ್ಕರು. ಅಣ್ಣ ನೆಲ ನೋಡಿದ. ಮುನ್ಶಿ ಸಾಹೇಬರೂ ನಗಲು ನೋಡಿದರು, ಬರಲಿಲ್ಲ. "ಹೌದೇನ್ರೀ? ಛಲೋ ಆತು," ಎಂದು ಹೇಳಿ ನವಾಬನ ಬೆನ್ನಿನಿಂದ ಕೈಯನ್ನು ಮೆಲ್ಲಗೆ ತೆಗೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

ಬಾಗಿಲ ಮರೆಯಲ್ಲಿ ನಿಂತ ಅಜ್ಜಿ ಆ ಕೈಯನ್ನು ನೋಡಿದಳು. ಆಕೆಯ ಸೆರಗು ಹಿಡಿದು ನಿಂತಿದ್ದ ನಾನೂ ನೋಡಿದೆ. ಮರುಕ್ಷಣ ಸೆರಗು ನನ್ನ ಕೈಯಲ್ಲಿರಲಿಲ್ಲ. ಪರಪುರುಷರ ಮುಂದೆ ಎಂದೂ ಹೊಸ್ತಿಲು ದಾಟದ ಅಜ್ಜಿ ಕಟ್ಟೆಯ ನಡುವೆ ಬಂದು ನಿಂತಿದ್ದಳು.

"ಶೀನಾ, ನಿನಗ ಗೊತ್ತಿಲ್ಲದ್ದು ಆಡಬ್ಯಾಡ. ಮುನ್ಶಿ ಸಾಹೇಬ್ರ, ಅದು ಖರೇ ಅಲ್ಲ. ನಿಮ್ಮ ಬೆಕ್ಕು ನಿಮ್ಮ ಬೆಕ್ಕೇ ಅದ. ಹಾಲು ಅನ್ನ ಹಾಕಿ ನಾನೇ ತಪ್ಪು ಮಾಡಿದ್ದೆ, ಮೂರು ಮರಿ ಹೋದ್ವು. ಈಗ ದಿನಾ ನಸುಕಿನ್ಯಾಗ ಮಾಂಸ ತಿಂತದ. ನಾನೇ ಹಾಕ್ತೀನಿ, ಈ ಕೈಲೇ."

ಹಣಮಂತರಾಯರ ನಶ್ಯ ಬೆರಳಲ್ಲೇ ಉಳಿಯಿತು.

"ಅಕ್ಕಾ," ಎಂದ ಶೀನಜ್ಜ, "ಆ ಕೈಲೆ ಮಾಡಿದ್ದು ನಾ ಇವತ್ತ ಉಂಡೀನಿ."

"ಉಂಡೀದಿ. ಎರಡನೇ ಸ್ನಾನ ಮಾಡಿ ಮಾಡೀನಿ. ಮನಸ್ಸಿಗೆ ಬರಲಿಲ್ಲಂದ್ರ ನಾಳಿಯಿಂದ ಉಣಬ್ಯಾಡ."

ಶೀನಜ್ಜ ಎದ್ದ. ಒಳಗೆ ಬಂದು ಚೀಲ ತೆಗೆದುಕೊಂಡ, ಯಾರ ಮುಖವನ್ನೂ ನೋಡದೆ ಓಣಿ ಇಳಿದು ಹೋದ. ಆಮೇಲೆ ಎರಡು ವರ್ಷ ಅವನು ನಮ್ಮ ಮನೆಯಲ್ಲಿ ನೀರು ಸಹ ಕುಡಿಯಲಿಲ್ಲ. ಬಾಳೆಗೊನೆ ಮಾತ್ರ ತಪ್ಪದೆ ಕಳಿಸುತ್ತಿದ್ದ. ಅಜ್ಜಿ ಅವನು ಹೋದ ದಾರಿಯನ್ನು ಸ್ವಲ್ಪ ಹೊತ್ತು ನೋಡಿದಳು. ನಿಂತ ಜಾಗದಿಂದ ಮಾತ್ರ ಅಲುಗಲಿಲ್ಲ.

ಮುನ್ಶಿ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡರು. ತೊಡೆಯ ಮೇಲಿನ ಕೈಯನ್ನು ಎತ್ತಿ ನವಾಬನ ಬೆನ್ನ ಮೇಲೆ ಇಟ್ಟರು.

"ದಿನಾ ಎಷ್ಟು ಹಾಕ್ತೀರಿ, ಅಕ್ಕಾರ?"

"ಒಂದು ಮುಷ್ಟಿ."

"ಕಡಿಮಿ ಆತಲ್ರೀ," ಎಂದರು ಅವರು. ಮುಖದಲ್ಲಿ ಗೋಡೆಯಾಚೆಯ ಹಳೆಯ ತಮಾಷೆ ಮರಳಿತ್ತು. "ನಮ್ಮನ್ಯಾಗ ಎರಡು ತಿಂತಿದ್ದ."

"ಎರಡೇ ಹಾಕ್ತೀನಿ ತಗೋರಿ," ಎಂದಳು ಅಜ್ಜಿ. "ಇನ್ನ ಕದ್ದು ಹಾಕೂದಿಲ್ಲಲ್ಲ."